ಹಳೆ ಕೀಪ್ಯಾಡ್ ಫೋನಿನ ಜಾವಾ ಗೇಮ್‌ಗಳನ್ನು ಈಗ ಆಡುವುದು ಹೇಗೆ?

ಹಳೆ ಜಾವಾ ಗೇಮ್ ಮತ್ತೆ ಆಡಬೇಕು ಅಂತ ಎಮ್ಯುಲೇಟರ್ (ಹಳೆ ಫೋನಿನ ಹಾಗೆ ನಡೆದುಕೊಳ್ಳುವ ಆಪ್) ಹಾಕಿಕೊಂಡವರು ಎಷ್ಟೋ ಸಲ ಮೊದಲ ಹತ್ತು ನಿಮಿಷದಲ್ಲೇ ಕೈಬಿಡುತ್ತಾರೆ. ಚಿತ್ರ ಒಂದು ಮೂಲೆಯಲ್ಲಿ ಸಣ್ಣದಾಗಿ ಕೂತಿರುತ್ತದೆ, ಇಲ್ಲವೇ ಅರ್ಧ ಕತ್ತರಿಸಿ ಹೋಗಿರುತ್ತದೆ. 'ಸೌಂಡ್ ಬೇಕಾ, ಬೇಡವಾ' ಅಂತ ಕೇಳುವ ಮೊದಲ ಸ್ಕ್ರೀನಿನಲ್ಲೇ ಯಾವ ಬಟನ್ ಒತ್ತಿದರೂ ಮುಂದಕ್ಕೆ ಹೋಗುವುದಿಲ್ಲ. ಎಮ್ಯುಲೇಟರ್ ಸರಿಯಿಲ್ಲ ಅಂದುಕೊಂಡು ಅದನ್ನೇ ಅಳಿಸಿಬಿಡುತ್ತಾರೆ. ನಾನೂ ಮೊದಲು ಎರಡು ಸಲ ಅಳಿಸಿದ್ದೆ. ಆಮೇಲೆ ಗೊತ್ತಾಯಿತು, ತೊಂದರೆ ಇದ್ದದ್ದು ಗೇಮ್ ಫೈಲಿನಲ್ಲಿ. ಬೇರೆ ಯಾವುದೋ ಫೋನಿಗೆ ಅಂತ ಮಾಡಿದ ಪ್ರತಿಯನ್ನು ತಂದು ಹಾಕಿದ್ದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನ ಎಲ್ಲ ಕೆಲಸ ನಿಂತಿರುವುದು ಇದರ ಮೇಲೆಯೇ. ಆ ಫೋನುಗಳಲ್ಲಿ ಇದ್ದದ್ದು ಜಾವಾದ ಚಿಕ್ಕ ರೂಪ, ಹೆಸರು ಜೆ2ಎಂಇ. ಅದರಲ್ಲಿ ಫೋನುಗಳಿಗೆ ಬೇಕಾದ ಭಾಗಕ್ಕೆ ಎಂಐಡಿಪಿ ಅನ್ನುತ್ತಾರೆ. ಮೊದಲ ಆವೃತ್ತಿ ಬಂದದ್ದು 2000ರಲ್ಲಿ, ಎರಡನೆಯದು 2002ರಲ್ಲಿ. ಒಂದು ಸಲ ಬರೆದ ಗೇಮ್ ಎಲ್ಲ ಫೋನಿನಲ್ಲೂ ಓಡಬೇಕು ಅನ್ನುವುದು ಅದರ ಆಸೆ. ಆದರೆ ಸ್ಕ್ರೀನ್‌ಗಳು ಒಂದೇ ಥರ ಇರಲಿಲ್ಲವಲ್ಲ. 128×128, 128×160, 176×208, 176×220, 240×320, ಹೀಗೆ ಫೋನಿಗೊಂದು ಅಳತೆ. ಚಿತ್ರಗಳನ್ನು ಚುಕ್ಕಿ ಎಣಿಸಿ ಬಿಡಿಸಿರುತ್ತಿದ್ದರು, ಆದ್ದರಿಂದ ಅಳತೆ ಬದಲಾದರೆ ಗೇಮನ್ನೇ ಮತ್ತೆ ಕಟ್ಟಬೇಕಿತ್ತು. ಜಾಗವೂ ಕಮ್ಮಿ. ನೋಕಿಯಾದ ಮೊದಮೊದಲ ಕೆಲವು ಸೀರೀಸ್ 40 ಫೋನುಗಳು 64 ಕೆಬಿಗಿಂತ ದೊಡ್ಡ ಗೇಮನ್ನು ಒಳಗೆ ಬಿಡುತ್ತಲೇ ಇರಲಿಲ್ಲ. ಚಿತ್ರ, ಸಂಗೀತ, ಆಟದ ಹಂತಗಳು ಎಲ್ಲವೂ ಅಷ್ಟರಲ್ಲೇ ಹಿಡಿಯಬೇಕು! ಇವತ್ತು ನಾವು ತೆಗೆಯುವ ಒಂದು ಫೋಟೋದ ಜಾಗದಲ್ಲಿ ಅಂಥ ಹತ್ತಾರು ಗೇಮ್ ಕೂರುತ್ತವೆ. ಅದನ್ನು ಬರೆದವರ ಕೈಚಳಕ ನೆನೆದರೆ ನನಗೆ ಈಗಲೂ ಬೆರಗಾಗುತ್ತದೆ.

ಹಾಗಾಗಿ 2006ರಲ್ಲಿ ಗೇಮ್‌ಲಾಫ್ಟ್ ಕಂಪನಿ ಬಿಟ್ಟ 'ಡೈಮಂಡ್ ರಶ್' ಗೇಮ್ ಅಂತ ನೀವು ಹುಡುಕಿದರೆ ಒಂದೇ ಹೆಸರಿನ ಫೈಲುಗಳು ರಾಶಿಯಾಗಿ ಸಿಗುತ್ತವೆ. ಒಂದು ನೋಕಿಯಾಕ್ಕೆ, ಒಂದು ಸೋನಿ ಎರಿಕ್ಸನ್‌ಗೆ, ಒಂದು ಮೊಟೊರೊಲಾಕ್ಕೆ, ಅದರಲ್ಲೂ ಬೇರೆ ಬೇರೆ ಅಳತೆ. ಚಿಕ್ಕ ಸ್ಕ್ರೀನಿನ ಪ್ರತಿಗಳಲ್ಲಿ ಚಿತ್ರ ಸಣ್ಣದು, ಕೆಲವು ಗೇಮ್‌ಗಳಲ್ಲಂತೂ ಸಂಗೀತವನ್ನೋ ಹಂತಗಳನ್ನೋ ಕಿತ್ತು ಹಾಕಿರುತ್ತಾರೆ.

ಮೊದಲ ಕೆಲಸ: ಸರಿಯಾದ ಫೈಲ್ ಹುಡುಕಿ

ನಿಮ್ಮ ಹಳೆ ಫೋನೋ ಮೆಮೊರಿ ಕಾರ್ಡೋ ಇನ್ನೂ ಇದ್ದರೆ ಅಲ್ಲಿಂದಲೇ ಶುರು ಮಾಡಿ. ಅದರಲ್ಲಿ ಜಾರ್ (.jar) ಅಂತ ಕೊನೆಯಾಗುವ ಫೈಲುಗಳಿದ್ದರೆ ಅವೇ ಗೇಮ್‌ಗಳು. ಇಂಟರ್‌ನೆಟ್ ಆರ್ಕೈವ್‌ನಲ್ಲೂ ದೊಡ್ಡ ಸಂಗ್ರಹಗಳಿವೆ. ಒಂದು ಮಾತು ಮಾತ್ರ ನೆನಪಿರಲಿ: ಮಾರಾಟ ನಿಂತು ವರ್ಷಗಳಾದರೂ ಈ ಗೇಮ್‌ಗಳ ಹಕ್ಕು ಮಾಡಿದವರದ್ದೇ. ನೀವೇ ಕೊಂಡಿದ್ದ ಪ್ರತಿ ಉಳಿದಿದ್ದರೆ ಅದನ್ನೇ ಬಳಸುವುದು ಒಳ್ಳೆಯದು. ಹವ್ಯಾಸಕ್ಕೆ ಬರೆದು ಉಚಿತವಾಗಿ ಹಂಚಿದ ಗೇಮ್‌ಗಳೂ ಸಾಕಷ್ಟಿವೆ.

ಜಾರ್ ಜೊತೆಗೆ ಜ್ಯಾಡ್ (.jad) ಅಂತ ಇನ್ನೊಂದು ಪುಟ್ಟ ಫೈಲ್ ಸಿಗಬಹುದು. ಅದರಲ್ಲಿ ಗೇಮ್ ಇರುವುದಿಲ್ಲ. ಹೆಸರು, ಗಾತ್ರ, ಡೌನ್‌ಲೋಡ್ ವಿಳಾಸ ಇಷ್ಟೇ ಬರೆದಿರುತ್ತದೆ, ಆ ವಿಳಾಸವೂ ಈಗ ಸತ್ತಿರುತ್ತದೆ. ಜಾರ್ ಇದ್ದರೆ ಸಾಕು. ಜಾರ್ ಬದಲು ಎಪಿಕೆ ಅಥವಾ ಇಎಕ್ಸ್‌ಇ ಫೈಲ್ ಕೊಟ್ಟು 'ಇದನ್ನು ಇನ್‌ಸ್ಟಾಲ್ ಮಾಡಿ' ಅನ್ನುವ ಕಡೆಯಿಂದ ದೂರ ಇರಿ. ಜಾರ್ ಅಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದು ಅಂತಲೂ ಅಲ್ಲ. 2006ರಲ್ಲೇ ರೆಡ್‌ಬ್ರೌಸರ್ ಅನ್ನುವ ಜಾವಾ ಫೈಲ್, ಉಚಿತ ಇಂಟರ್‌ನೆಟ್ ಕೊಡಿಸುತ್ತೇನೆ ಅಂತ ಹೇಳಿ ದುಬಾರಿ ಎಸ್‌ಎಂಎಸ್‌ಗಳನ್ನು ಕಳಿಸುತ್ತಿತ್ತು.

ಈಗ ಅಳತೆ ಪತ್ತೆ ಮಾಡುವುದು. ಫೈಲಿನ ಹೆಸರಲ್ಲೇ 240×320 ಅಂತಲೋ, ಎನ್73, ಕೆ800 ಅಂತ ಫೋನಿನ ಮಾಡೆಲೋ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ನಾನು ಮಾಡುವ ಉಪಾಯ ಹೇಳುತ್ತೇನೆ. ಜಾರ್ ಅಂದರೆ ಒಳಗೆ ಜಿಪ್ ಫೈಲೇ. ಒಂದು ಕಾಪಿ ಮಾಡಿಕೊಂಡು ಯಾವುದಾದರೂ ಜಿಪ್ ಆಪ್‌ನಲ್ಲಿ ತೆರೆಯಿರಿ. ಒಳಗೆ ಮ್ಯಾನಿಫೆಸ್ಟ್ ಅನ್ನುವ ಪಠ್ಯದ ಫೈಲ್ ಇರುತ್ತದೆ, ಗೇಮ್ ಹೆಸರು, ಕಂಪನಿ, ಎಂಐಡಿಪಿ ಆವೃತ್ತಿ ಅದರಲ್ಲಿ ಸಿಗುತ್ತದೆ. ಅದಕ್ಕಿಂತ ಉಪಯೋಗಕ್ಕೆ ಬರುವುದು ಪಿಎನ್‌ಜಿ ಚಿತ್ರಗಳು. ಶುರುವಿನಲ್ಲಿ ಸ್ಕ್ರೀನ್ ತುಂಬ ಬರುವ ಚಿತ್ರವನ್ನು ಹುಡುಕಿ ಅದರ ಅಗಲ ನೋಡಿ. 176 ಇದ್ದರೆ ಗೇಮ್ 176ರದ್ದು, 240 ಇದ್ದರೆ 240ರದ್ದು. ಕೆಲವು ಕಂಪನಿಗಳು ಚಿತ್ರಗಳನ್ನು ತಮ್ಮದೇ ರೀತಿಯಲ್ಲಿ ಒಟ್ಟು ಮಾಡಿ ಕಟ್ಟಿಟ್ಟಿರುತ್ತವೆ, ಆಗ ಈ ಉಪಾಯ ನಡೆಯುವುದಿಲ್ಲ, ಒಂದೊಂದೇ ಅಳತೆ ಹಾಕಿ ನೋಡಬೇಕು.

ಆಯ್ಕೆ ಇದ್ದರೆ ನನ್ನ ಮತ 240×320ಕ್ಕೆ. ಚಿತ್ರ ಚೆನ್ನಾಗಿರುತ್ತದೆ, ಸಾಮಾನ್ಯವಾಗಿ ಗೇಮ್ ಪೂರ್ತಿ ಇರುತ್ತದೆ. ಆದರೆ ನಿಮ್ಮ ಕೈಯಲ್ಲಿ ಆಗ ಇದ್ದ ಫೋನಿನ ನೆನಪು ಬೇಕು ಅಂದರೆ ಆ ಫೋನಿನ ಅಳತೆಯದ್ದೇ ಹುಡುಕಿ. 128×160ರಲ್ಲಿ ಆಡಿ ಬೆಳೆದವರಿಗೆ ದೊಡ್ಡ ಪ್ರತಿ ಬೇರೆ ಗೇಮ್ ಥರವೇ ಕಾಣುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ

ಇಲ್ಲಿ ಜೆ2ಎಂಇ ಲೋಡರ್ ಅನ್ನುವ ಎಮ್ಯುಲೇಟರ್ ಹಾಕಿಕೊಳ್ಳಿ. ಉಚಿತ, ಕೋಡ್ ಕೂಡ ಎಲ್ಲರಿಗೂ ತೆರೆದಿದೆ, ಇಂಥ ಉಚಿತ ಆಪ್ ಸಿಗುವ ಅಂಗಡಿ ಎಫ್-ಡ್ರಾಯ್ಡ್‌ನಲ್ಲಿ ಸಿಗುತ್ತದೆ. ಆಪ್ ತೆರೆದು ಪ್ಲಸ್ ಗುರುತು ಒತ್ತಿ, ಜಾರ್ ಫೈಲ್ ತೋರಿಸಿ. ಆಂಡ್ರಾಯ್ಡ್‌ಗೆ ಅರ್ಥವಾಗುವ ರೂಪಕ್ಕೆ ಗೇಮನ್ನು ಅದೇ ಬದಲಾಯಿಸಿಕೊಳ್ಳುತ್ತದೆ, ಕೆಲವೇ ಕ್ಷಣ. ಗೇಮ್ ಪಟ್ಟಿಗೆ ಬಂದ ಮೇಲೆ ಮೊದಲ ಸಲ ಒತ್ತಿದಾಗ ಸೆಟ್ಟಿಂಗ್ಸ್ ಪುಟ ಬರುತ್ತದೆ. ಸುಮ್ನೆ ದಾಟಿಸಿ ಹೋಗಬೇಡಿ. ಸ್ಕ್ರೀನ್ ಅಳತೆ ಕೇಳುವ ಕಡೆ ನೀವು ಪತ್ತೆ ಮಾಡಿದ ಅಳತೆ ಹಾಕಿ. ಅಕ್ಷರದ ಗಾತ್ರವನ್ನೂ ಅದಕ್ಕೆ ತಕ್ಕಂತೆ ಇಡಿ, ಇಲ್ಲದಿದ್ದರೆ ಮೆನುವಿನ ಸಾಲುಗಳು ಒಂದರ ಮೇಲೊಂದು ಬೀಳುತ್ತವೆ.

ಚಿತ್ರವನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದೂ ಇಲ್ಲೇ. ಫೋನಿನ ಸ್ಕ್ರೀನ್ 1080 ಚುಕ್ಕಿ ಅಗಲ ಇದೆ ಅಂದುಕೊಳ್ಳಿ. 240ರ ಗೇಮನ್ನು ನಾಲ್ಕು ಪಟ್ಟು ಮಾಡಿದರೆ 960, ಪಕ್ಕದಲ್ಲಿ ಸ್ವಲ್ಪ ಕಪ್ಪು ಉಳಿಯುತ್ತದೆ, ಆದರೆ ಪ್ರತಿ ಚುಕ್ಕಿಯೂ ಒಂದೇ ಸಮ. ಪೂರ್ತಿ ತುಂಬಿಸಿದರೆ ನಾಲ್ಕೂವರೆ ಪಟ್ಟು ಆಗಿ ಕೆಲವು ಚುಕ್ಕಿ ದಪ್ಪ, ಕೆಲವು ಸಣ್ಣ ಆಗುತ್ತವೆ. ಚಿತ್ರ ನುಣುಪು ಮಾಡುವ ಫಿಲ್ಟರ್ ಹಾಕಿದರೆ ಇದು ಮರೆಯಾಗುತ್ತದೆ, ಆದರೆ ಎಲ್ಲವೂ ಮಂಜು ಮಂಜು. ನಾನು ಯಾವಾಗಲೂ ಫಿಲ್ಟರ್ ತೆಗೆದು, ಕಪ್ಪು ಅಂಚು ಉಳಿದರೂ ಪರವಾಗಿಲ್ಲ ಅಂತ ಆಡುತ್ತೇನೆ.

ಬಟನ್ ಕೆಲಸ ಮಾಡದಿದ್ದರೆ

ಹಳೆ ಫೋನಿನಲ್ಲಿ ಸ್ಕ್ರೀನಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಬಟನ್ ಇರುತ್ತಿತ್ತಲ್ಲ, ಸಾಫ್ಟ್ ಕೀ. ಮೆನು ತೆರೆಯುವುದು, ಹೌದು-ಇಲ್ಲ ಹೇಳುವುದು ಎಲ್ಲ ಅದರಲ್ಲೇ. ಅಂಕಿಗಳಿಗೆ ಎಂಐಡಿಪಿ ಎಲ್ಲ ಫೋನಿಗೂ ಒಂದೇ ನಂಬರ್ ಕೊಟ್ಟಿತ್ತು, ಈ ಎರಡು ಬಟನ್‌ಗೆ ಮಾತ್ರ ಕೊಡಲೇ ಇಲ್ಲ. ಹಾಗಾಗಿ ಪ್ರತಿ ಕಂಪನಿಯೂ ತನಗೆ ತೋಚಿದ ನಂಬರ್ ಇಟ್ಟುಕೊಂಡಿತು. ನೋಕಿಯಾದಲ್ಲಿ ಎಡಗಡೆಯದು -6, ಬಲಗಡೆಯದು -7. ಮೊಟೊರೊಲಾದ ಹಲವು ಫೋನುಗಳಲ್ಲಿ -21 ಮತ್ತು -22. ಸೀಮೆನ್ಸ್‌ನಲ್ಲಿ -1 ಮತ್ತು -4. ಮೊಟೊರೊಲಾಕ್ಕೆ ಅಂತ ಮಾಡಿದ ಗೇಮ್ -21 ಬರಲಿ ಅಂತ ಕಾಯುತ್ತಿರುತ್ತದೆ, ಎಮ್ಯುಲೇಟರ್ -6 ಕಳಿಸುತ್ತಿರುತ್ತದೆ. ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ.

ಪರಿಹಾರ ಎರಡಿದೆ. ಸೆಟ್ಟಿಂಗ್ಸ್‌ನಲ್ಲಿ ಕೀ ಕೋಡ್‌ಗಳ ಜೋಡಣೆಯನ್ನು ಮೊಟೊರೊಲಾ ಅಥವಾ ಸೀಮೆನ್ಸ್‌ಗೆ ಬದಲಿಸಿ. ಇಲ್ಲವೇ ಅದೇ ಗೇಮ್‌ನ ನೋಕಿಯಾ ಪ್ರತಿ ಹುಡುಕಿ, ತಲೆನೋವು ಕಮ್ಮಿ. ಇನ್ನೊಂದು ವಿಷಯ, ಬಹಳಷ್ಟು ಗೇಮ್‌ಗಳಲ್ಲಿ ಓಡಾಟಕ್ಕೆ 2, 4, 6, 8, ಹೊಡೆಯುವುದಕ್ಕೆ 5. ಬಾಣದ ಗುರುತು ಕೈಕೊಟ್ಟರೆ ಅಂಕಿ ಒತ್ತಿ ನೋಡಿ. ಬ್ಲೂಟೂತ್ ಗೇಮ್‌ಪ್ಯಾಡ್ ಇದ್ದರೆ ಅದರ ಬಟನ್‌ಗಳನ್ನು ಈ ಅಂಕಿಗಳಿಗೆ ಜೋಡಿಸಿಕೊಳ್ಳಬಹುದು. ಗಾಜಿನ ಮೇಲೆ ಬೆರಳಾಡಿಸುವುದಕ್ಕಿಂತ ನಿಜವಾದ ಬಟನ್‌ನಲ್ಲೇ ಈ ಗೇಮ್‌ಗಳ ಸೊಗಸು ಜಾಸ್ತಿ, ಅಲ್ವಾ?

ಗೇಮ್ ವಿಪರೀತ ಜೋರಾಗಿ ಓಡಿದರೆ ಗಾಬರಿ ಬೇಡ. ಫೋನ್ ಹೇಗೂ ನಿಧಾನ ಅಂತ ನಂಬಿ, ಕೆಲವರು ವೇಗಕ್ಕೆ ಮಿತಿಯೇ ಹಾಕದೆ ಬರೆದಿದ್ದರು. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ಮಿತಿ ಅನ್ನುವ ಕಡೆ 15 ಅಥವಾ 20 ಹಾಕಿ ನೋಡಿ, ನಿಮ್ಮ ನೆನಪಿನ ವೇಗ ಬರುವವರೆಗೆ ಬದಲಿಸಿ. ಸಂಗೀತ ಮಾತ್ರ ಹಳೆಯ ಫೋನಿನ ಹಾಗೇ ಕೇಳಿಸುವುದು ಕಷ್ಟ. ಆ ರಾಗಗಳು ಹೆಚ್ಚಾಗಿ ಮಿಡಿ ಫೈಲುಗಳು, ಯಾವ ಸ್ವರ ಯಾವಾಗ ಅಂತ ಮಾತ್ರ ಅದರಲ್ಲಿರುತ್ತದೆ, ವಾದ್ಯದ ದನಿ ಫೋನಿನದು. ಇಂಟರ್‌ನೆಟ್ ಬಳಸಲಾ ಅಂತ ಗೇಮ್ ಕೇಳಿದರೆ ಬೇಡ ಅನ್ನಿ, ಆ ಸರ್ವರ್‌ಗಳು ಮುಚ್ಚಿ ಹೋಗಿವೆ, ಕಾಯುತ್ತಾ ಕೂರಬೇಕಾಗುತ್ತದೆ.

3ಡಿ ಗೇಮ್‌ಗಳದ್ದು ಬೇರೆಯೇ ಕಥೆ. ಆಗ 3ಡಿಗೆ ಎಂ3ಜಿ ಅಂತ ಒಂದು ದಾರಿ, ಮ್ಯಾಸ್ಕಾಟ್ ಕ್ಯಾಪ್ಸೂಲ್ ಅಂತ ಇನ್ನೊಂದು ದಾರಿ ಇತ್ತು. ಎರಡನೆಯದು ಸೋನಿ ಎರಿಕ್ಸನ್ ಫೋನುಗಳಲ್ಲಿ ಹೆಚ್ಚು. ಗೇಮ್ ಶುರುವಾಗಿ ಹಿನ್ನೆಲೆ ಮಾತ್ರ ಕಂಡು ಗಾಡಿ, ಮನುಷ್ಯರು ಮಾಯವಾಗಿದ್ದರೆ ಅದು ಮ್ಯಾಸ್ಕಾಟ್ ಕ್ಯಾಪ್ಸೂಲ್ ಗೇಮ್ ಇರಬಹುದು. ಅದಕ್ಕೆ ಜೆಎಲ್-ಮಾಡ್ ಹಾಕಿ ನೋಡಿ. ಜೆ2ಎಂಇ ಲೋಡರ್‌ನಿಂದಲೇ ಕವಲೊಡೆದದ್ದು, ಇಂಥ ಗೇಮ್‌ಗಳಿಗಾಗಿಯೇ ಮಾಡಿದ್ದು.

ಕಂಪ್ಯೂಟರ್‌ನಲ್ಲಿ

ಕಂಪ್ಯೂಟರ್‌ನಲ್ಲಿ ಜಾವಾ ಇದೆಯಲ್ಲ ಅಂತ ಜಾರ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಎರರ್ ಬರುತ್ತದೆ. ಫೋನಿನ ಗೇಮ್ ಶುರುವಾಗುವ ರೀತಿಯೇ ಬೇರೆ, ಕಂಪ್ಯೂಟರ್ ಜಾವಾ ಹುಡುಕುವ ಬಾಗಿಲು ಅದರಲ್ಲಿ ಇರುವುದಿಲ್ಲ. ನಡುವೆ ಎಮ್ಯುಲೇಟರ್ ಬೇಕೇ ಬೇಕು.

ವಿಂಡೋಸ್, ಲಿನಕ್ಸ್ ಎರಡಕ್ಕೂ ಆಗುವುದು ಫ್ರೀಜೆ2ಎಂಇ. ಇದಕ್ಕೆ ಕಂಪ್ಯೂಟರ್‌ನಲ್ಲಿ ಜಾವಾ ಮೊದಲೇ ಇರಬೇಕು. ರೆಟ್ರೊಆರ್ಕ್ (ಹಲವು ಎಮ್ಯುಲೇಟರ್ ಒಂದೇ ಕಡೆ ಓಡಿಸುವ ಆಪ್) ಬಳಸುವವರು ಅದರೊಳಗೇ ಫ್ರೀಜೆ2ಎಂಇ ಕೋರ್, ಅಂದರೆ ಅದಕ್ಕೆ ಸೇರಿಸುವ ಎಮ್ಯುಲೇಟರ್ ಭಾಗ, ಇಳಿಸಿಕೊಳ್ಳಬಹುದು. ಆದರೆ ಕೋರ್ ಒಂದೇ ಸಾಲದು, ಜೊತೆಗೆ ಬರುವ ಅದರದ್ದೇ ಜಾರ್ ಫೈಲನ್ನು ರೆಟ್ರೊಆರ್ಕ್‌ನ ಸಿಸ್ಟಮ್ ಫೋಲ್ಡರ್‌ಗೆ ಹಾಕಬೇಕು. ಇದನ್ನು ಮರೆತರೆ ಕಪ್ಪು ಸ್ಕ್ರೀನ್ ಬಿಟ್ಟು ಏನೂ ಕಾಣುವುದಿಲ್ಲ. ವಿಂಡೋಸ್ ಮಾತ್ರ ಸಾಕು ಅನ್ನುವವರಿಗೆ ಕೆಎಮ್ಯುಲೇಟರ್ ಇದೆ. ಅದರ ಹಳೆ ಆವೃತ್ತಿಗಿಂತ ಎನ್‌ಎನ್‌ಮಾಡ್ ಅನ್ನುವ ತಿದ್ದಿದ ಆವೃತ್ತಿಯೇ ಒಳ್ಳೆಯದು. ಯಾವುದನ್ನೇ ಹಾಕಿ, ಸ್ಕ್ರೀನ್ ಅಳತೆಯ ಮಾತು ಇಲ್ಲೂ ಅದೇ, ಮೊದಲು ಅದನ್ನು ಸರಿಮಾಡಿ.

ಸೇವ್ ಆದ ಆಟ ಕಳೆದುಕೊಳ್ಳಬೇಡಿ

ಹಳೆ ಗೇಮ್‌ಗಳು ನಿಮ್ಮ ಆಟವನ್ನು ಆರ್‌ಎಂಎಸ್ ಅನ್ನುವ ಪುಟ್ಟ ಜಾಗದಲ್ಲಿ ಉಳಿಸುತ್ತವೆ. ಜೆ2ಎಂಇ ಲೋಡರ್‌ನಲ್ಲಿ ಅದು ಕೆಲಸದ ಫೋಲ್ಡರ್‌ನ ಒಳಗೆ 'ಡೇಟಾ' ಅನ್ನುವ ಕಡೆ ಇರುತ್ತದೆ, ಸೆಟ್ಟಿಂಗ್ಸ್ 'ಕಾನ್ಫಿಗ್ಸ್' ಅನ್ನುವ ಕಡೆ. ನಾನು ಫೋನ್ ಬದಲಿಸುವಾಗ ಜಾರ್ ಫೈಲುಗಳನ್ನೆಲ್ಲ ಜೋಪಾನವಾಗಿ ಕಾಪಿ ಮಾಡಿಕೊಂಡು ಈ ಫೋಲ್ಡರ್ ಬಿಟ್ಟುಬಿಟ್ಟೆ. ವಾರಗಟ್ಟಲೆ ಆಡಿ ಕೊನೆಯ ಹಂತದ ಹತ್ತಿರ ತಂದಿದ್ದ ಗೇಮ್ ಮೊದಲಿನಿಂದ ಶುರುವಾಯಿತು, ಬಹಳ ಬೇಜಾರಾಯಿತು. ಫೋನ್ ಬದಲಿಸುವ ಮೊದಲು ಆ ಫೋಲ್ಡರ್ ಪೂರ್ತಿ ಕಾಪಿ ಮಾಡಿ, ಹೊಸ ಫೋನಿನಲ್ಲಿ ಎಮ್ಯುಲೇಟರ್ ಮೊದಲ ಸಲ ತೆರೆದು ಫೋಲ್ಡರ್ ಕೇಳಿದಾಗ ಅದನ್ನೇ ತೋರಿಸಿ. ಗೇಮ್, ಸೆಟ್ಟಿಂಗ್ಸ್, ನಿಲ್ಲಿಸಿದ ಹಂತ ಎಲ್ಲವೂ ಇದ್ದ ಹಾಗೇ ಬರುತ್ತವೆ.