ಎಕ್ಸ್‌ಬಿಆರ್‌ಎಲ್ ಸಲ್ಲಿಕೆಗೆ ಲೆಕ್ಕಪತ್ರ ತಂತ್ರಾಂಶವನ್ನು ಏಪ್ರಿಲ್‌ನಲ್ಲೇ ಅಣಿಗೊಳಿಸುವ ಬಗೆ

ಕಂಪನಿ ವ್ಯವಹಾರಗಳ ಸಚಿವಾಲಯವು 2010-11ರ ಹಣಕಾಸು ವರ್ಷದಿಂದ ನಿಗದಿತ ವರ್ಗದ ಕಂಪನಿಗಳ ವಾರ್ಷಿಕ ಲೆಕ್ಕಪತ್ರಗಳನ್ನು ಎಕ್ಸ್‌ಬಿಆರ್‌ಎಲ್ ರೂಪದಲ್ಲಿ, ಅಂದರೆ ಪ್ರತಿ ಅಂಕಿಗೂ ಕಂಪ್ಯೂಟರ್ ಗುರುತಿಸಬಲ್ಲ ಟ್ಯಾಗ್ (ಗುರುತುಪಟ್ಟಿ) ಅಂಟಿಸಿದ ಎಕ್ಸ್‌ಎಂಎಲ್ ಕಡತವಾಗಿ ಪಡೆಯುತ್ತಿದೆ. ಷೇರುಪೇಟೆಯಲ್ಲಿರುವ ಕಂಪನಿಗಳು ಮತ್ತು ಅವುಗಳ ಭಾರತೀಯ ಅಂಗಸಂಸ್ಥೆಗಳು, ಪಾವತಿಯಾದ ಬಂಡವಾಳ 5 ಕೋಟಿ ರೂಪಾಯಿ ಅಥವಾ ವಹಿವಾಟು 100 ಕೋಟಿ ರೂಪಾಯಿ ಮುಟ್ಟಿದ ಕಂಪನಿಗಳು ಮತ್ತು ಇಂಡ್ ಎಎಸ್ (ಹೊಸ ಭಾರತೀಯ ಲೆಕ್ಕ ಮಾನದಂಡಗಳು) ಪಾಲಿಸಬೇಕಾದ ಕಂಪನಿಗಳು ಇದರ ವ್ಯಾಪ್ತಿಗೆ ಬರುತ್ತವೆ. ಬ್ಯಾಂಕ್, ವಿಮೆ, ಗೃಹಹಣಕಾಸು ಮತ್ತು ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ಈ ನಿಯಮಗಳಿಂದ ವಿನಾಯಿತಿ ಇದೆ. ಒಮ್ಮೆ ಈ ರೂಪದಲ್ಲಿ ಸಲ್ಲಿಸಿದ ಕಂಪನಿಯು ಮುಂದೆ ಮಿತಿಗಿಂತ ಕೆಳಗಿಳಿದರೂ ಇದೇ ರೂಪದಲ್ಲಿ ಮುಂದುವರಿಯಬೇಕಾಗುತ್ತದೆ.

ಲೆಕ್ಕಪರಿಶೋಧನೆ ಮುಗಿದ ಮೇಲೆ ಸಹಿಯಾದ ಪಿಡಿಎಫ್ ಅನ್ನು ಹೊರಗಿನವರಿಗೆ ಕೊಟ್ಟು ಪರಿವರ್ತಿಸಿಕೊಳ್ಳುವುದು ನಮ್ಮಲ್ಲಿ ರೂಢಿಯಾಗಿದೆ. ನನ್ನ ಮಟ್ಟಿಗೆ ಇದು ತಪ್ಪು ದಾರಿ, ಏಕೆಂದರೆ ಪರಿವರ್ತಿಸುವವರ ಕೈಯಲ್ಲಿ ಮೊತ್ತ ಇರುತ್ತದೆಯೇ ಹೊರತು ಆ ಮೊತ್ತದೊಳಗೆ ಯಾವ ಲೆಡ್ಜರ್‌ಗಳು (ಬಿಡಿ ಖಾತೆಗಳು) ಇವೆ ಎಂಬ ತಿಳಿವಳಿಕೆ ಇರುವುದಿಲ್ಲ. ಅನುಮಾನ ಬಂದದ್ದೆಲ್ಲ ‘ಇತರೆ’ ಸಾಲಿಗೆ ಸೇರುತ್ತದೆ. ಈ ಕೆಲಸ ನಡೆಯಬೇಕಾದದ್ದು ಲೆಡ್ಜರ್ ಪಟ್ಟಿಯಲ್ಲಿ, ಅದೂ ವರ್ಷದ ಆರಂಭದಲ್ಲಿ. ಟ್ಯಾಲಿಯಂಥ ತಂತ್ರಾಂಶದಲ್ಲಿ ವರ್ಷದ ನಡುವೆ ಲೆಡ್ಜರಿನ ಗ್ರೂಪ್ (ಅದು ಸೇರಿರುವ ಗುಂಪು) ಬದಲಿಸಿದರೆ ಹಿಂದಿನ ತಿಂಗಳುಗಳ ವರದಿಗಳೂ ಬದಲಾಗಿಬಿಡುತ್ತವೆ.

ಮೊದಲು ನಿಮ್ಮ ಕಂಪನಿಗೆ ಅನ್ವಯಿಸುವ ಟ್ಯಾಕ್ಸಾನಮಿಯನ್ನು (ಬಳಸಬಹುದಾದ ಟ್ಯಾಗ್‌ಗಳ ಅಧಿಕೃತ ಪಟ್ಟಿಯನ್ನು) ಸಚಿವಾಲಯದ ಜಾಲತಾಣದಿಂದ ಇಳಿಸಿಕೊಳ್ಳಿ. ಹಳೆಯ ಲೆಕ್ಕ ಮಾನದಂಡಗಳಿಗೆ ಒಂದು, ಇಂಡ್ ಎಎಸ್‌ಗೆ ಇನ್ನೊಂದು ಇದೆ. ಬಳಿಕ ಲೆಡ್ಜರ್ ಪಟ್ಟಿಯನ್ನು ಎಕ್ಸೆಲ್‌ಗೆ ತಂದು, ಪ್ರತಿ ಲೆಡ್ಜರಿನ ಎದುರು ಅದು ಕಂಪನಿ ಕಾಯ್ದೆಯಲ್ಲಿ ಲೆಕ್ಕಪತ್ರದ ನಮೂನೆಯನ್ನು ಹೇಳುವ ಷೆಡ್ಯೂಲ್ 3ರ ಯಾವ ಸಾಲಿಗೆ ಸೇರುತ್ತದೆ, ಟ್ಯಾಕ್ಸಾನಮಿಯ ಯಾವ ಟ್ಯಾಗ್‌ಗೆ ಹೊಂದುತ್ತದೆ, ಅದು ಮಾರ್ಚ್ 31ರ ಶಿಲ್ಕೋ ಇಡೀ ವರ್ಷದ ಮೊತ್ತವೋ ಎಂಬುದನ್ನು ಬರೆಯಿರಿ. ಕಂಪನಿಯು ತನ್ನದೇ ಹೊಸ ಟ್ಯಾಗ್ ಸೃಷ್ಟಿಸಲು ಇಲ್ಲಿ ಅವಕಾಶವಿಲ್ಲದ ಕಾರಣ, ಹೊಂದದ ಲೆಡ್ಜರ್‌ಗಳನ್ನು ಈಗಲೇ ಗುರುತಿಸಿ ಲೆಕ್ಕಪರಿಶೋಧಕರೊಡನೆ ಚರ್ಚಿಸುವುದು ಒಳ್ಳೆಯದು.

ಹೆಚ್ಚು ಗಮನ ಬೇಡುವುದು ಸಂಡ್ರಿ ಕ್ರೆಡಿಟರ್ಸ್ ಗ್ರೂಪ್, ಅಂದರೆ ನಾವು ಹಣ ಕೊಡಬೇಕಾದ ಪೂರೈಕೆದಾರರ ಗುಂಪು. ಷೆಡ್ಯೂಲ್ 3ರ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಬಾಕಿಯನ್ನು ಪ್ರತ್ಯೇಕವಾಗಿ ತೋರಿಸಬೇಕು. ಮಧ್ಯಮ ಉದ್ಯಮದ ಬಾಕಿ ಈ ಸಾಲಿಗೆ ಸೇರುವುದಿಲ್ಲ. ಆದ್ದರಿಂದ ಈ ಗ್ರೂಪಿನಡಿ ಎರಡು ಉಪಗ್ರೂಪ್ ಮಾಡಿ, ಪ್ರತಿ ಪೂರೈಕೆದಾರರಿಂದ ಉದ್ಯಮ್ ನೋಂದಣಿ ಪ್ರಮಾಣಪತ್ರ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಸರ್ಕಾರಿ ನೋಂದಣಿ) ತರಿಸಿಕೊಂಡು ಅದರ ವರ್ಗವನ್ನು ಲೆಡ್ಜರಿನಲ್ಲೇ ದಾಖಲಿಸಿ. ಬಾಕಿಯ ವಯಸ್ಸನ್ನು ಒಂದು ವರ್ಷದೊಳಗೆ, 1-2, 2-3 ಮತ್ತು 3 ವರ್ಷಕ್ಕೂ ಮೇಲ್ಪಟ್ಟು ಎಂದು ವಿಂಗಡಿಸಬೇಕಾಗಿರುವುದರಿಂದ ಬಿಲ್‌ವಾರು ವಿವರವನ್ನೂ ಪಾವತಿಯ ಗಡುವನ್ನೂ ನಮೂದಿಸಲೇಬೇಕು. ಗಡುವು ಗೊತ್ತುಪಡಿಸದಿದ್ದರೆ ವಯಸ್ಸು ವ್ಯವಹಾರದ ದಿನಾಂಕದಿಂದ ಲೆಕ್ಕವಾಗುತ್ತದೆ. ಪೂರೈಕೆದಾರರಿಗೆ ಕೊಟ್ಟ ಮುಂಗಡದಿಂದ ಡೆಬಿಟ್ ಶಿಲ್ಕು ಇರುವ ಲೆಡ್ಜರ್‌ಗಳು ಇದೇ ಗ್ರೂಪಿನಲ್ಲಿ ಅಡಗಿರುತ್ತವೆ. ಅವನ್ನು ಹೊರತೆಗೆದು ಆಸ್ತಿಯ ಕಡೆ ತೋರಿಸದಿದ್ದರೆ ಹೊಣೆ ಮತ್ತು ಆಸ್ತಿ ಎರಡೂ ಇದ್ದುದಕ್ಕಿಂತ ಕಡಿಮೆ ಕಾಣುತ್ತವೆ.

ಅಂಕಿಗಳ ವಿಷಯದಲ್ಲಿ ಎರಡು ಎಚ್ಚರಿಕೆ ಬೇಕು. ಮುದ್ರಿತ ಲೆಕ್ಕಪತ್ರದಲ್ಲಿ 245.37 ಲಕ್ಷ ಎಂದಿರುವುದು ಎಕ್ಸ್‌ಎಂಎಲ್ ಕಡತದಲ್ಲಿ 24537000 ಎಂದು ಪೂರ್ಣ ರೂಪಾಯಿಯಲ್ಲಿ ಹೋಗುತ್ತದೆ. ಅದು ಸಾವಿರದ ಮಟ್ಟಕ್ಕಷ್ಟೇ ನಿಖರವೆಂದು ತಿಳಿಸಲು ಅಂಕಿಯ ಜೊತೆ ಹೋಗುವ, ನಿಖರತೆ ಸೂಚಿಸುವ ‘ಡೆಸಿಮಲ್ಸ್’ ಗುಣದಲ್ಲಿ -3 ಎಂದು ಕೊಡಬೇಕು. ಇನ್ನು ವೆಚ್ಚದ ಮೊತ್ತವನ್ನು ಕಳೆಯಬೇಕಾದದ್ದೆಂದು ಋಣಚಿಹ್ನೆಯೊಡನೆ ಕೊಡಬಾರದು, ಏಕೆಂದರೆ ಅದು ಡೆಬಿಟ್ ಸ್ವಭಾವದ್ದೆಂಬುದು ಟ್ಯಾಗ್‌ನಲ್ಲೇ ಅಡಕವಾಗಿದೆ. ಆದರೆ ವೆಚ್ಚದ ಕಡೆ ಬರುವ ದಾಸ್ತಾನಿನ ಬದಲಾವಣೆಯಲ್ಲಿ, ವರ್ಷಾಂತ್ಯದ ಸಿದ್ಧವಸ್ತುಗಳ ದಾಸ್ತಾನು ಆರಂಭಕ್ಕಿಂತ ಹೆಚ್ಚಿದ್ದರೆ, ಋಣಚಿಹ್ನೆ ಬರಲೇಬೇಕು.

ಕಡತ ಸಿದ್ಧವಾದ ಮೇಲೆ ಸಚಿವಾಲಯದ ಪರಿಶೀಲನಾ ತಂತ್ರಾಂಶದಲ್ಲಿ ಪರೀಕ್ಷಿಸಿ. ಅದು ಕಡ್ಡಾಯ ವಿವರಗಳನ್ನೂ ಮೊತ್ತಗಳ ಹೊಂದಾಣಿಕೆಯನ್ನೂ ನೋಡುತ್ತದೆ, ಆದರೆ ನೀವು ಆಯ್ದ ಟ್ಯಾಗ್ ಸರಿಯೇ ಎಂಬುದನ್ನು ಅದು ಹೇಳಲಾರದು. ಹಾಗಾಗಿ ಕಡತವನ್ನು ಓದಬಲ್ಲ ರೂಪಕ್ಕೆ ತಂದು, ಸಹಿಯಾದ ಲೆಕ್ಕಪತ್ರದೊಡನೆ ಸಾಲುಸಾಲಾಗಿ ತಾಳೆ ನೋಡಿ. ಟಿಪ್ಪಣಿಗಳ ಪಠ್ಯವನ್ನೂ ಬಿಡಬೇಡಿ. ವಾರ್ಷಿಕ ಮಹಾಸಭೆ ನಡೆದ 30 ದಿನಗಳೊಳಗೆ ವಾರ್ಷಿಕ ಲೆಕ್ಕಪತ್ರ ಸಲ್ಲಿಸುವ ಎಒಸಿ-4 ಎಕ್ಸ್‌ಬಿಆರ್‌ಎಲ್ ನಮೂನೆ ಸಲ್ಲಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಬೀಳುತ್ತದೆ.

ಯಾವುದಾದರೂ ಲೆಡ್ಜರನ್ನು ಈ ವರ್ಷ ಬೇರೆ ಸಾಲಿಗೆ ಸರಿಸಿದ್ದರೆ ಹಿಂದಿನ ವರ್ಷದ ಅಂಕಿಯನ್ನೂ ಅದೇ ರೀತಿ ಮರುವಿಂಗಡಿಸಿ, ಕಾರಣವನ್ನು ಟಿಪ್ಪಣಿಯಲ್ಲಿ ಹೇಳಿ, ಎಕ್ಸೆಲ್ ಹಾಳೆಯಲ್ಲೂ ದಿನಾಂಕದೊಡನೆ ಬರೆದಿಡಿ.