ಕೊಲಂಬಿಯಾ ಕಾಫಿ ಸೀಮೆ: ಊರು ಕಡಿಮೆ, ರಾತ್ರಿ ಹೆಚ್ಚು

ಕೊಲಂಬಿಯಾಕ್ಕೆ ಹೊರಡುವ ನಮ್ಮವರ ಪಟ್ಟಿ ಬಹುತೇಕ ಒಂದೇ ಅಚ್ಚಿನದು. ಬೊಗೊಟಾ, ಮೆಡೆಯಿನ್, ಕಾರ್ತಹೇನಾ, ನಡುವೆ ಎಲ್ಲೋ ಒಂದು ದಿನದ ‘ಕಾಫಿ ಟೂರ್’. ಆ ದಿನದಲ್ಲಿ ಅರ್ಧ ವ್ಯಾನಿನಲ್ಲಿ ಕಳೆಯುತ್ತದೆ, ಉಳಿದರ್ಧ ಮಂಜಿನಲ್ಲಿ. ಕೊನೆಗೆ ‘ಇದಕ್ಕಿಂತ ನಮ್ಮ ಚಿಕ್ಕಮಗಳೂರೇ ವಾಸಿ’ ಎಂದು ವಾಪಸಾಗುತ್ತಾರೆ. ತಪ್ಪು ಊರಿನದಲ್ಲ, ಪಟ್ಟಿಯದು. ಕಾಲ್ದಾಸ್, ರಿಸರಾಲ್ದಾ, ಕಿಂದಿಯೊ ಪ್ರಾಂತ್ಯಗಳು ಮತ್ತು ವಾಯೆ ದೆಲ್ ಕೌಕಾದ ಉತ್ತರ ಭಾಗದಲ್ಲಿ ಹಬ್ಬಿರುವ ಕಾಫಿ ಭೂದೃಶ್ಯವನ್ನು ಯುನೆಸ್ಕೊ 2011ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಈ ಸೀಮೆಗೆ ಕನಿಷ್ಠ ಆರು ರಾತ್ರಿ ಕೊಡಿ. ಅಷ್ಟು ಇಲ್ಲದಿದ್ದರೆ ಕಾರ್ತಹೇನಾವನ್ನು ಬಿಡಿ. ಸಮುದ್ರ ಬೇರೆ ಕಡೆಯೂ ಇದೆ.

1. ಮೊದಲು ಸೂಜಿ, ಆಮೇಲೆ ಟಿಕೆಟ್

ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ಎಡವುವವರೇ ಹೆಚ್ಚು. ಕೊಲಂಬಿಯಾ ಕೇಳಲಿ ಬಿಡಲಿ, ವಾಪಸು ಬರುವಾಗ ಭಾರತ ಕೇಳುತ್ತದೆ. ಹಳದಿ ಜ್ವರ ಇರುವ ದೇಶಗಳ ಪಟ್ಟಿಯಲ್ಲಿ ಕೊಲಂಬಿಯಾ ಇದೆ. ಅಲ್ಲಿಂದ ಹೊರಟು ಆರು ದಿನದೊಳಗೆ ಪ್ರಮಾಣಪತ್ರವಿಲ್ಲದೆ ಬಂದಿಳಿದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆ ಹಾಕಿಸಿದ ಹತ್ತು ದಿನದ ನಂತರವೇ ಪ್ರಮಾಣಪತ್ರಕ್ಕೆ ಬೆಲೆ. ಹಾಗಾಗಿ ಹೊರಡುವ ವಾರ ಓಡಾಡಿದರೆ ಪ್ರಯೋಜನವಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಪಟ್ಟಿಯಲ್ಲಿರುವ ಕೇಂದ್ರದಲ್ಲೇ ಹಾಕಿಸಬೇಕು, ಬಡಾವಣೆಯ ಕ್ಲಿನಿಕ್ಕಿನ ಚೀಟಿ ನಡೆಯುವುದಿಲ್ಲ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಅಕ್ಷರಶಃ ಹೊಂದುತ್ತವೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಮೊಟ್ಟೆಯ ಅಲರ್ಜಿ ಇರುವವರು, ಗರ್ಭಿಣಿಯರು, ಅರವತ್ತು ದಾಟಿದವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು.

ವೀಸಾ: ಅಮೆರಿಕದ ಅಥವಾ ಷೆಂಗೆನ್ ವೀಸಾ ಇರುವ ಭಾರತೀಯರಿಗೆ ಕೊಲಂಬಿಯಾದ ವೀಸಾ ಬೇಡ. ಆದರೆ ಆ ವೀಸಾ ನೀವು ಕೊಲಂಬಿಯಾಕ್ಕೆ ಕಾಲಿಡುವ ದಿನಕ್ಕೆ ಇನ್ನೂ 180 ದಿನ ಚಾಲ್ತಿಯಲ್ಲಿರಬೇಕು. ಹದಿನೈದು ದಿನದ ಯುರೋಪ್ ಪ್ರವಾಸಕ್ಕೆ ಕೊಟ್ಟ ವೀಸಾ ತೋರಿಸಿ ಒಳಗೆ ಹೋಗುತ್ತೇನೆ ಎನ್ನುವವರನ್ನು ವಿಮಾನ ಸಂಸ್ಥೆಯೇ ಹತ್ತಿಸುವುದಿಲ್ಲ. ಟಿಕೆಟ್ ಕೊಳ್ಳುವ ದಿನವೇ ಕೊಲಂಬಿಯಾದ ವಿದೇಶಾಂಗ ಇಲಾಖೆಯ ಜಾಲತಾಣ ನೋಡಿ, ನಿಯಮಗಳು ಬದಲಾಗುತ್ತಿರುತ್ತವೆ. ಭಾರತದಿಂದ ನೇರ ವಿಮಾನವಿಲ್ಲ. ಅಮೆರಿಕದಲ್ಲಿ ವಿಮಾನ ಬದಲಿಸಲೂ ಅಮೆರಿಕದ ವೀಸಾ ಬೇಕು, ಆದ್ದರಿಂದ ಅದಿಲ್ಲದವರಿಗೆ ಇಸ್ತಾಂಬುಲ್ ಮಾರ್ಗವೇ ನೆಮ್ಮದಿ.

‘ಚೆಕ್-ಮಿಗ್’ ಎಂಬ ಪ್ರವೇಶ ಅರ್ಜಿಯನ್ನು ಹೊರಡುವ ಮುಂಚಿನ 72 ಗಂಟೆಯೊಳಗೆ ಆನ್‌ಲೈನಿನಲ್ಲಿ ತುಂಬಬೇಕು. ಅದು ಪೂರ್ತಿ ಉಚಿತ. ಹುಡುಕಿದಾಗ ಮೇಲೆ ಕಾಣುವ, ದುಡ್ಡು ಕೇಳುವ ಜಾಲತಾಣಗಳೆಲ್ಲ ದಲ್ಲಾಳಿಗಳವು.

2. ತಿಂಗಳು ಆರಿಸಿಕೊಳ್ಳಿ

ಈ ಸೀಮೆ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ನಾಲ್ಕೈದು ಡಿಗ್ರಿಯಲ್ಲಿ. ವರ್ಷಕ್ಕೆ ಎರಡು ಮಳೆಗಾಲ, ಎರಡು ಒಣ ಅವಧಿ. ನಮ್ಮಲ್ಲಿ ಕಾಫಿ ಹೂವರಳಿಸುವ ಬೇಸಿಗೆ ಮಳೆ (ಹೂಮಳೆ) ಬಿದ್ದರೆ ತೋಟವೆಲ್ಲ ಒಮ್ಮೆಗೆ ಬೆಳ್ಳಗಾಗುತ್ತದೆ. ಅಲ್ಲಿ ಕಂತುಕಂತಾಗಿ ಹೂವು, ಕಂತುಕಂತಾಗಿ ಹಣ್ಣು. ದೊಡ್ಡ ಕೊಯ್ಲು ಸೆಪ್ಟೆಂಬರಿನಿಂದ ಡಿಸೆಂಬರ್, ‘ಮಿತಾಕಾ’ ಎನ್ನುವ ಚಿಕ್ಕ ಕೊಯ್ಲು ಏಪ್ರಿಲ್ ಹೊತ್ತಿಗೆ ಶುರು. ತೊಡಕು ಇರುವುದು ಇಲ್ಲೇ: ಕೊಯ್ಲಿನ ತಿಂಗಳುಗಳೇ ಮಳೆಯ ತಿಂಗಳುಗಳು. ಬಿಸಿಲು ಬೇಕೆಂದು ಜುಲೈ–ಆಗಸ್ಟ್ ಅಥವಾ ಜನವರಿಯಲ್ಲಿ ಹೋದರೆ ಬೆಟ್ಟ ಚೆನ್ನಾಗಿ ಕಾಣುತ್ತದೆ, ಆದರೆ ಗಿಡದಲ್ಲಿ ಹಣ್ಣು ಕಡಿಮೆ.

ಒಂದೇ ಅವಧಿ ಹೇಳಿ ಎಂದರೆ, ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗೆ. ಮಳೆ ಇಳಿಮುಖವಾಗಿರುತ್ತದೆ, ಕೊಯ್ಲು ಇನ್ನೂ ಮುಗಿದಿರುವುದಿಲ್ಲ. ಡಿಸೆಂಬರ್ 7 ಮತ್ತು 8ರ ರಾತ್ರಿ ಕಿಂದಿಯೊದ ಕಿಂಬಾಯಾ ಪಟ್ಟಣದಲ್ಲಿ ಬೀದಿಬೀದಿಯೂ ಕೈಯಿಂದ ಮಾಡಿದ ಕಾಗದದ ಕಂದೀಲುಗಳಿಂದ ತುಂಬುತ್ತದೆ, ಓಣಿಗಳ ನಡುವೆ ಪೈಪೋಟಿಯೇ ನಡೆಯುತ್ತದೆ. ಡಿಸೆಂಬರ್ 20ರ ನಂತರ ಬೇಡ, ಇಡೀ ದೇಶ ರಜೆಯ ಮೇಲೆ ಹೊರಡುತ್ತದೆ. ಇನ್ನೊಂದು: ಕೊಲಂಬಿಯಾದ ಅನೇಕ ಸರ್ಕಾರಿ ರಜೆಗಳು ಕಾನೂನಿನ ಪ್ರಕಾರ ಸೋಮವಾರಕ್ಕೆ ಸರಿಯುತ್ತವೆ. ಅಂಥ ಮೂರು ದಿನದ ವಾರಾಂತ್ಯಕ್ಕೆ ‘ಪ್ವೆಂತೆ’ ಎನ್ನುತ್ತಾರೆ. ಆಗ ಕಿಂದಿಯೊದ ಪ್ರವಾಸಿ ಪಟ್ಟಣ ಸಲೆಂಟೊದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕ್ಯಾಲೆಂಡರ್ ನೋಡಿ ಆ ದಿನಗಳನ್ನು ತೋಟದಲ್ಲಿ ಕಳೆಯಿರಿ.

3. ದಾರಿ

ಬೊಗೊಟಾದಿಂದ ವಿಮಾನದಲ್ಲಿ ಹೋಗಿ. ನಕಾಶೆಯಲ್ಲಿ ಕಿಂದಿಯೊದ ರಾಜಧಾನಿ ಅರ್ಮೇನಿಯಾ ಸುಮಾರು 280 ಕಿ.ಮೀ. ಕಂಡು ‘ಐದು ಗಂಟೆ ಸಾಕು’ ಎನಿಸುತ್ತದೆ. ನಡುವೆ ಆಂಡಿಸ್‌ನ ಒಂದು ಸಾಲನ್ನೇ ದಾಟಬೇಕು. 2020ರಲ್ಲಿ ತೆರೆದ 8.65 ಕಿ.ಮೀ. ಉದ್ದದ ಲಾ ಲೀನಿಯಾ ಸುರಂಗದಿಂದ ದಾರಿ ಸುಧಾರಿಸಿದೆ ನಿಜ. ಆದರೂ ಲಾರಿ ಸಾಲು, ಗುಡ್ಡ ಕುಸಿತ ಸೇರಿದರೆ ಎಂಟು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ವಿಮಾನಕ್ಕೆ ಒಂದು ಗಂಟೆ.

ಇಳಿಯಲು ಮೂರು ನಿಲ್ದಾಣಗಳಿವೆ: ಪೆರೆಯ್ರಾ, ಅರ್ಮೇನಿಯಾ, ಮನಿಸಾಲೆಸ್. ಮೂರನೆಯದನ್ನು ಮರೆತುಬಿಡಿ. ಬೆಟ್ಟದ ನೆತ್ತಿಯ ಮೇಲಿರುವ ಆ ನಿಲ್ದಾಣ ಮಂಜು ಕವಿದರೆ ಮುಚ್ಚುತ್ತದೆ, ಮಂಜು ಕವಿಯುವುದು ಅಲ್ಲಿ ಅಪರೂಪವಲ್ಲ. ಪೆರೆಯ್ರಾದಲ್ಲಿ ಇಳಿದರೆ ಎಲ್ಲ ಕಡೆಗೂ ಹತ್ತಿರ. ಅರ್ಮೇನಿಯಾಕ್ಕೆ ಬುಕ್ ಮಾಡುವವರು ದೇಶದ ಹೆಸರನ್ನು ಎರಡು ಸಲ ಓದಿ, ಅದೇ ಹೆಸರಿನ ದೇಶ ಕಾಕಸಸ್‌ನಲ್ಲಿದೆ.

ರಾತ್ರಿಗಳನ್ನು ಹೀಗೆ ಹಂಚಿ: ಸಲೆಂಟೊ ಎರಡು, ಕಾಫಿ ತೋಟದಲ್ಲಿ ಎರಡು, ಮನಿಸಾಲೆಸ್ ಎರಡು. ಅಷ್ಟೇ. ಸಲೆಂಟೊದ ಬಣ್ಣಬಣ್ಣದ ಬಾಗಿಲಿನ ಬೀದಿ ಫೋಟೊಗಳಲ್ಲಿ ನೋಡಿದಷ್ಟೇ ಚೆಂದ, ಆದರೆ ಸಾಯಂಕಾಲಕ್ಕೆ ಅದು ಪೂರ್ತಿ ಅಂಗಡಿ ಬೀದಿ. ಅದೇ ಬಾಲ್ಕನಿ, ಅದೇ ಬಿದಿರು–ಮಣ್ಣಿನ ಗೋಡೆ, ಜೊತೆಗೆ ಬುಟ್ಟಿ ಹೆಣೆಯುವ ಕುಟುಂಬಗಳು ಬೇಕೆಂದರೆ ಅರ್ಧ ದಿನ ಫಿಲಾಂಡಿಯಾ ಪಟ್ಟಣಕ್ಕೆ ಹೋಗಿ. ಆ ಗೋಡೆಗೆ ‘ಬಾಹರೆಕೆ’ ಎನ್ನುತ್ತಾರೆ, ‘ಗ್ವಾದುವಾ’ ಎಂಬ ದಪ್ಪ ಬಿದಿರಿನ ಚೌಕಟ್ಟಿಗೆ ಮಣ್ಣು ಮೆತ್ತಿದ್ದು. ಅಲುಗಿದರೆ ಬಾಗುವ ಗುಣ ಅದಕ್ಕಿದೆ. 1999ರ ಜನವರಿ 25ರಂದು ಭೂಕಂಪಕ್ಕೆ ಅರ್ಮೇನಿಯಾ ನೆಲಕಚ್ಚಿತ್ತು. ಈ ನೆಲದಲ್ಲಿ ಆ ಗುಣಕ್ಕೆ ಬೆಲೆಯಿದೆ.

ಬೊಗೊಟಾದಲ್ಲಿ ಎರಡು ರಾತ್ರಿ ಇದ್ದರೆ ಚಿನ್ನದ ವಸ್ತುಸಂಗ್ರಹಾಲಯ ತಪ್ಪಿಸಬೇಡಿ. 1939ರಲ್ಲಿ ಕೊಂಡ ಒಂದು ಕಿಂಬಾಯಾ ಚಿನ್ನದ ಪಾತ್ರೆಯಿಂದ ಆ ಸಂಗ್ರಹ ಶುರುವಾಯಿತು, ಇಂದು ಕಾಫಿ ಬೆಳೆಯುವ ಇದೇ ಬೆಟ್ಟಗಳ ಮೂಲ ಜನರ ಕೈಕೆಲಸ ಅದು. ನಗರ 2,640 ಮೀಟರ್ ಎತ್ತರದಲ್ಲಿದೆ, ಮೊದಲ ದಿನ ಓಡಾಟ ಇಟ್ಟುಕೊಳ್ಳಬೇಡಿ.

4. ಕೊಕೊರಾ ಕಣಿವೆ: ಯಾವ ಕಡೆಯಿಂದ ನಡೆಯಬೇಕು

ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಜನ ಕೆಡಿಸಿಕೊಳ್ಳುವ ದಿನ ಇದು. ಇಲ್ಲಿ ಬೆಳೆಯುವ ಮೇಣದ ತಾಳೆ ಕೊಲಂಬಿಯಾದ ರಾಷ್ಟ್ರವೃಕ್ಷ, 1985ರಿಂದ. ಜಗತ್ತಿನ ತಾಳೆ ಜಾತಿಗಳಲ್ಲೇ ಅತಿ ಎತ್ತರದ್ದು, 60 ಮೀಟರ್ ಮುಟ್ಟುತ್ತದೆ: ಎತ್ತರದ ಅಡಿಕೆ ಮರವೊಂದರ ಮೇಲೆ ಇನ್ನೆರಡನ್ನು ನಿಲ್ಲಿಸಿದ ಹಾಗೆ.

ಸಲೆಂಟೊ ಚೌಕದಿಂದ ಹಳೆಯ ವಿಲ್ಲಿಸ್ ಜೀಪುಗಳು ಹೊರಡುತ್ತವೆ. ಸುಮಾರು 11 ಕಿ.ಮೀ., ಅರ್ಧ ಗಂಟೆ. ಬೆಳಗಿನ ಮೊದಲ ಜೀಪುಗಳಲ್ಲೇ ಹೋಗಿ. ಕೊನೆಯ ಜೀಪು ಎಷ್ಟಕ್ಕೆ ವಾಪಸು ಎಂದು ಇಳಿಯುವಾಗಲೇ ಚಾಲಕರನ್ನು ಕೇಳಿ. ಹಿಂದೆ ಕಬ್ಬಿಣದ ಮೆಟ್ಟಿಲ ಮೇಲೆ ನಿಂತು ಹೋಗುವುದು ಫೋಟೊಗೆ ಚೆಂದ, ಬ್ಯಾಗ್ ಹೊತ್ತವರಿಗೆ ಬೇಡ.

ಕಣಿವೆಯಲ್ಲಿ ಸುಮಾರು 12 ಕಿ.ಮೀ. ಸುತ್ತು ದಾರಿಯಿದೆ, ಐದಾರು ಗಂಟೆ ಬೇಕು. ಬಹುತೇಕ ಎಲ್ಲರೂ ಕೊಡುವ ಸಲಹೆ: ಬಲಗಡೆಯ ನೀಲಿ ಗೇಟಿನಿಂದ ಹೊಳೆಗುಂಟ ಹೋಗಿ, ತಾಳೆ ಮರಗಳನ್ನು ಕೊನೆಗಿಟ್ಟುಕೊಳ್ಳಿ ಎಂದು. ಕೇಳಬೇಡಿ. ಮಧ್ಯಾಹ್ನದ ಹೊತ್ತಿಗೆ ಕಣಿವೆಗೆ ಮೋಡ ನುಗ್ಗುತ್ತದೆ. ನಾಲ್ಕು ಗಂಟೆ ಕೆಸರು ತುಳಿದು ಬಂದವರಿಗೆ ಬಿಳಿ ಗೋಡೆ ಮಾತ್ರ ಕಾಣುವುದು ಹೀಗೆ. ಉಲ್ಟಾ ಮಾಡಿ: ಬೆಳಿಗ್ಗೆ ನೇರವಾಗಿ ತಾಳೆಗಳ ನಡುವಿನ ಅಗಲ ಮಣ್ಣು ದಾರಿ ಹಿಡಿಯಿರಿ. ದಾರಿ ಸುಮಾರು 2,400 ಮೀಟರಿನಿಂದ ಲಾ ಮೊಂತಾನ್ಯಾ ಎಂಬ ತೋಟದ ಮನೆಯವರೆಗೆ, ಸುಮಾರು 2,850 ಮೀಟರಿಗೆ, ನಿಧಾನವಾಗಿ ಏರುತ್ತದೆ. ಉಸಿರು ಹಿಡಿದರೆ ನಿಲ್ಲಿ, ಎತ್ತರದ್ದೇ ಕಾರಣ.

ಅಲ್ಲಿ ಒಂದು ತೀರ್ಮಾನ ಮಾಡಬೇಕು. ಮುಂದೆ ಹೊಳೆಗೆ ಇಳಿಯುವ ದಾರಿ ಕಡಿದಾದದ್ದು, ಮಳೆ ಬಿದ್ದಿದ್ದರೆ ಜಾರುತ್ತದೆ. ಮಂಡಿ ನೋವಿನವರು, ಚಿಕ್ಕ ಮಕ್ಕಳಿರುವವರು ಬಂದ ದಾರಿಯಲ್ಲೇ ವಾಪಸಾಗಲಿ. ನೋಡಬೇಕಾದದ್ದರಲ್ಲಿ ಮುಕ್ಕಾಲು ಆಗಿಹೋಗಿರುತ್ತದೆ. ಇಳಿಯುವವರಿಗೆ ಕೆಳಗೆ ಮೋಡಕಾಡು, ಅಲುಗಾಡುವ ತೂಗುಸೇತುವೆಗಳು (ಒಂದು ಸಲಕ್ಕೆ ಒಬ್ಬಿಬ್ಬರೇ ದಾಟಿ), ಬದಿಗೆ ಒಂದಿಷ್ಟು ಹತ್ತಿದರೆ ಅಕೈಮೆ ಎಂಬ ಹಮ್ಮಿಂಗ್‌ಬರ್ಡ್‌ಗಳ ತಾಣ.

ಕಾಲಿಗೆ ಗಮ್ ಬೂಟು ಬಾಡಿಗೆಗೆ ಸಿಗುತ್ತದೆ, ಮಳೆಗಾಲದಲ್ಲಿ ಅದೇ ಸರಿ. ದುಬಾರಿ ಟ್ರೆಕ್ಕಿಂಗ್ ಶೂ ಕೆಸರಿನಲ್ಲಿ ಹೂತರೆ ಉಪಯೋಗವಿಲ್ಲ. ದಾರಿ ಹಲವರ ಖಾಸಗಿ ಜಮೀನಿನಲ್ಲಿ ಹಾಯುವುದರಿಂದ ಒಂದಕ್ಕಿಂತ ಹೆಚ್ಚು ಕಡೆ ಶುಲ್ಕ ಕೊಡಬೇಕು. ನಗದು, ಅದೂ ಚಿಲ್ಲರೆ, ಇರಲಿ. ದಾರಿ ಬದಿಯ ರೆಕ್ಕೆ ಪ್ರತಿಮೆ, ದೊಡ್ಡ ಕೈ, ಉಯ್ಯಾಲೆಗಳಿಗೆ ಬೇರೆ ದುಡ್ಡು. ಕೊಡಬೇಡಿ.

ಹುಲ್ಲುಗಾವಲಿನಲ್ಲಿ ಒಂಟಿ ನಿಂತ ತಾಳೆಗಳು ಚೆಂದ ಕಾಣಲು ಕಾರಣ ಸುತ್ತಲಿನ ಕಾಡು ಕಡಿದದ್ದು. ಮೊಳಕೆಯೊಡೆದ ಸಸಿಗಳನ್ನು ದನ ಮೇಯುತ್ತವೆ. ಅದಕ್ಕೇ ಅಲ್ಲಿ ಮುದಿ ಮರಗಳೇ ಹೆಚ್ಚು, ಎಳೆಯವು ಕಾಣುವುದು ಬೇಲಿ ಹಾಕಿದ ಕಡೆ.

5. ತೋಟ ಆರಿಸುವುದು

ಮೊಂತೆನೆಗ್ರೊದ ಕಾಫಿ ಉದ್ಯಾನ ರೋಲರ್ ಕೋಸ್ಟರ್ ಇರುವ ಮನರಂಜನಾ ಪಾರ್ಕು. ಮಕ್ಕಳಿದ್ದರೆ ಸರಿ, ಕಾಫಿ ನೋಡಲು ಅಲ್ಲ. ಹಣ್ಣು ಕೊಯ್ದು, ಪಲ್ಪ್ ಮಾಡಿ (ಸಿಪ್ಪೆ ಬಿಡಿಸಿ), ಒಣಗಿಸಿ ಮಾರುವ ತೋಟದಲ್ಲಿ ಎರಡು ರಾತ್ರಿ ಉಳಿಯಿರಿ. ಮನಿಸಾಲೆಸ್ ಬಳಿಯ ಹಸಿಯೆಂದಾ ವೆನೆಸಿಯಾ ಹೆಸರಾಂತದ್ದು. ಬುಕ್ ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿ: ಈ ವಾರ ಕೊಯ್ಲು ನಡೆಯುತ್ತಿದೆಯೇ? ಪಲ್ಪಿಂಗ್ ಎಷ್ಟು ಹೊತ್ತಿಗೆ? ಇಂಗ್ಲಿಷ್ ವಿವರಣೆ ಯಾವ ಸಮಯಕ್ಕೆ? ಪಲ್ಪಿಂಗ್ ಸಾಮಾನ್ಯವಾಗಿ ಕೊಯ್ದ ಹಣ್ಣು ಬಂದಮೇಲೆ, ಸಂಜೆ. ಬೆಳಗಿನ ಟೂರಿಗೆ ಬಂದು ಮಧ್ಯಾಹ್ನ ಹೋಗುವವರಿಗೆ ಯಂತ್ರ ಸುಮ್ಮನೆ ನಿಂತಿರುವುದೇ ಕಾಣುತ್ತದೆ.

ಮಲೆನಾಡು, ಕೊಡಗಿನ ಕಾಫಿ ಕಂಡವರ ಕಣ್ಣಿಗೆ ಮೊದಲು ಬೀಳುವುದು ನೆರಳಿಲ್ಲದಿರುವುದು. ಸಿಲ್ವರ್ ಓಕ್ ಇಲ್ಲ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇಲ್ಲ. ನಿಲ್ಲಲೂ ಕಷ್ಟವಾದ ಇಳಿಜಾರಿನಲ್ಲಿ ಬಯಲು ಬಿಸಿಲಿಗೆ ಒತ್ತೊತ್ತಾದ ಗಿಡ, ನಡುನಡುವೆ ಬಾಳೆ. ಹೆಚ್ಚಿನ ಹೊತ್ತು ಮೋಡ ಇರುವುದರಿಂದ ಅಷ್ಟು ಬಿಸಿಲನ್ನು ಗಿಡ ತಾಳುತ್ತದೆ. ರೊಬಸ್ಟಾ ಹುಡುಕಬೇಡಿ, ಎಲ್ಲ ಅರೇಬಿಕಾ. ಗಿಡದ ತಳಿ ಕೇಳಿದರೆ ‘ಕಾಸ್ತಿಯೊ’ ಎಂಬ ಉತ್ತರ ಬರುವ ಸಂಭವ ಹೆಚ್ಚು. ಎಲೆತುಕ್ಕು ರೋಗ ತಡೆಯಲೆಂದು ಚಿಂಚಿನಾದ ಸೆನಿಕಫೆ ಸಂಶೋಧನಾ ಕೇಂದ್ರ 2005ರಲ್ಲಿ ಬಿಡುಗಡೆ ಮಾಡಿದ ತಳಿ. ಅದರ ಹೆತ್ತವರು ಕತೂರಾ ಮತ್ತು ತಿಮೋರ್ ಹೈಬ್ರಿಡ್. ನಮ್ಮ ‘ಕಾವೇರಿ’ ತಳಿಯೂ ಅದೇ ಜೋಡಿಯದ್ದು.

ಸಿಪ್ಪೆ ತೆಗೆದ ಬೀಜವನ್ನು ಹನ್ನೆರಡರಿಂದ ಹದಿನೆಂಟು ಗಂಟೆ ತೊಟ್ಟಿಯಲ್ಲಿ ಹುದುಗಿಸಿ, ಆಮೇಲೆ ತೊಳೆಯುತ್ತಾರೆ. ಹೊತ್ತು ಮೀರಿದರೆ ಹುಳಿ ವಾಸನೆ ಬೀಜಕ್ಕೆ ಹತ್ತುತ್ತದೆ. ಒಣಗಿಸುವ ಜಾಗ ತಪ್ಪದೆ ನೋಡಿ. ಕೊಯ್ಲಿಗೇ ಮಳೆ ಬರುವ ನಾಡಾದ್ದರಿಂದ ಬಯಲು ಕಣ ನಂಬುವಂತಿಲ್ಲ. ಹಳೆಯ ಮನೆಗಳಲ್ಲಿ ಅಟ್ಟವೇ ಕಣ, ಹಳಿಯ ಮೇಲೆ ಚಾವಣಿಯನ್ನೇ ಹಿಂದೆ ಮುಂದೆ ತಳ್ಳುತ್ತಾರೆ.

6. ಊಟ

ಸಸ್ಯಾಹಾರಿಗಳಿಗೆ ‘ಮಾಂಸ ಹಾಕಬೇಡಿ’ ಎಂದಷ್ಟೇ ಹೇಳಿದರೆ ಸಾಲದು, ಕೋಳಿ, ಮೀನು, ಹ್ಯಾಮ್ ಮಾಂಸದ ಲೆಕ್ಕಕ್ಕೆ ಬರದಿರಬಹುದು. ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಹಮೋನ್’ ಎಂದು ಬರೆದಿಟ್ಟುಕೊಂಡು ತೋರಿಸಿ. ಕೆಂಪು ಹುರುಳಿಕಾಯಿ ಬೀಜದ ಸಾರು ನಮ್ಮ ರಾಜ್ಮಾದಂತೆ ಕಾಣುತ್ತದೆ, ಅದರೊಳಗೆ ಹಂದಿಯ ತುಂಡು ಬೆಂದಿರುವುದೇ ರೂಢಿ. ಸೂಪುಗಳೂ ಹಾಗೇ. ನಂಬಬಹುದಾದವು: ಚೀಸ್ ಹಾಕಿದ ಮೆಕ್ಕೆಜೋಳದ ರೊಟ್ಟಿ ‘ಅರೆಪಾ’, ಬಾಳೆಕಾಯಿ ಚಪ್ಪಟೆ ಮಾಡಿ ಕರಿದ ‘ಪತಕೋನ್’, ಅನ್ನ, ಮೊಟ್ಟೆ, ಬೆಣ್ಣೆಹಣ್ಣು, ಲುಲೊ ಹಣ್ಣಿನ ರಸ. ಚಳಿಗೆ ‘ಅಗ್ವಾಪನೇಲಾ’ ಕುಡಿಯಿರಿ: ಬಿಸಿ ಬೆಲ್ಲದ ನೀರು, ಜೊತೆಗೆ ಚೀಸ್ ತುಂಡು. ಮಾಂಸ ತಿನ್ನುವವರಿಗೆ ಸಲೆಂಟೊದ ಟ್ರೌಟ್ ಮೀನು.

7. ಮನಿಸಾಲೆಸ್

ಕಾಂಕ್ರೀಟ್ ಕೆಥೆಡ್ರಲ್ ಹತ್ತಿ, ಸಂಜೆ ಚಿಪ್ರೆ ದಿಬ್ಬಕ್ಕೆ ಹೋಗಿ. ಪೆರೆಯ್ರಾದಿಂದ ಮನಿಸಾಲೆಸ್‌ಗೆ ಬರುವ ದಾರಿಯಲ್ಲಿ ಸಾಂತಾ ರೋಸಾ ದೆ ಕಬಾಲ್‌ನ ಬಿಸಿನೀರಿನ ಕೊಳ ಸಿಗುತ್ತದೆ. ನೆವಾದೊ ದೆಲ್ ರೂಯಿಸ್ ಅಗ್ನಿಪರ್ವತಕ್ಕೆ (5,300 ಮೀಟರ್ ಮೀರಿದ್ದು) ಹೋಗುವುದಾದರೆ ಕೊನೆಯ ದಿನ ಹೋಗಿ, ತೋಟದ ಎತ್ತರದಿಂದ ನೇರ ನಾಲ್ಕು ಸಾವಿರಕ್ಕೆ ಹಾರಿದರೆ ತಲೆನೋವು ಖಚಿತ. ಹಿಂದಿನ ದಿನ ಭೂವಿಜ್ಞಾನ ಸೇವೆಯ ಎಚ್ಚರಿಕೆ ಬಣ್ಣ ನೋಡಿ. 1985ರ ನವೆಂಬರ್ 13ರಂದು ಇದೇ ಪರ್ವತದ ಕೆಸರು ಪ್ರವಾಹ ಅರ್ಮೇರೊ ಪಟ್ಟಣವನ್ನು ಹೂತುಹಾಕಿತ್ತು, ಸುಮಾರು 23,000 ಜನ ಸತ್ತರು.

8. ಕಾಫಿ ಪುಡಿ ತರುವುದು

ಚೌಕದಲ್ಲಿ ಫ್ಲಾಸ್ಕಿನಿಂದ ಸುರಿದು ಕೊಡುವ ‘ತಿಂತೊ’ ಕುಡಿದು ಈ ದೇಶದ ಕಾಫಿ ಇಷ್ಟೇ ಎಂದುಕೊಳ್ಳಬೇಡಿ. ಒಳ್ಳೆಯ ಬೀಜ ರಫ್ತಿಗೆ ಹೋಗಿ, ಉಳಿದ ಕೆಳದರ್ಜೆಯದ್ದು ಅದಕ್ಕೆ ಬೀಳುವುದು ಹಳೆಯ ರೂಢಿ. ಪೊಟ್ಟಣದ ಮೇಲೆ ‘ಸುಪ್ರೆಮೊ’ ಎಂದಿದ್ದರೆ ಮರುಳಾಗಬೇಡಿ, ಅದು ಬೀಜದ ಗಾತ್ರ ಹೇಳುತ್ತದೆ, ರುಚಿಯನ್ನಲ್ಲ. ನೋಡಬೇಕಾದ್ದು ಹುರಿದ ದಿನಾಂಕ, ತೋಟದ ಹೆಸರು, ತಳಿ. ಪುಡಿ ಬೇಡ, ಬೀಜ ಕೊಳ್ಳಿ. ಹದವಾಗಿ ಹುರಿದ, ಚಿಕೋರಿ ಇಲ್ಲದ ಈ ಕಾಫಿಯನ್ನು ನಮ್ಮ ಫಿಲ್ಟರಿನಲ್ಲಿ ಹಾಕಿ ಹಾಲು ಸುರಿದರೆ ನೀರುನೀರೆನಿಸುತ್ತದೆ, ಹಾಲಿಲ್ಲದೆ ಕುಡಿಯುವವರಿಗಷ್ಟೇ ತನ್ನಿ. ಹುರಿಯದ ಹಸಿ ಬೀಜವನ್ನು ಯಾರಾದರೂ ಪ್ರೀತಿಯಿಂದ ಕೊಟ್ಟರೂ ಅಲ್ಲೇ ಬಿಟ್ಟುಬನ್ನಿ: ಅದು ಬಿತ್ತನೆ ಬೀಜವೂ ಹೌದು, ಭಾರತದ ಸಸ್ಯ ಕ್ವಾರಂಟೈನ್ ನಿಯಮದ ಪ್ರಕಾರ ಪರವಾನಗಿಯಿಲ್ಲದೆ ತರುವಂತಿಲ್ಲ.