ಹೊಲಿಗೆ ಲೈನ್‌ನಲ್ಲಿ ಆಪರೇಟರ್ ಕೆಲಸ ಬಿಟ್ಟರೆ ನಷ್ಟ ಎಷ್ಟು? ಲೆಕ್ಕ ಹಾಕುವುದು ಹೀಗೆ

ತಿಂಗಳ ಮೊದಲ ದಿನ ಕಾರ್ಖಾನೆಯಲ್ಲಿ 310 ಮಂದಿ, ಕೊನೆಯ ದಿನ 290, ಸರಾಸರಿ 300. ಬಿಟ್ಟವರು 24. ಅಂದರೆ ಶೇ 8. ಪೀಣ್ಯವಿರಲಿ, ಬೊಮ್ಮಸಂದ್ರವಿರಲಿ, ಗಾರ್ಮೆಂಟ್ಸ್ ಕಾರ್ಖಾನೆಯ ಎಚ್‌ಆರ್ ವರದಿ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಉತ್ಪಾದನೆಗೆ ಬಿದ್ದ ಪೆಟ್ಟು ಇದರಲ್ಲಿ ಕಾಣುವುದಿಲ್ಲ. ಬಿಟ್ಟವರ ಪಟ್ಟಿಗೆ ಎರಡು ಕಾಲಂ ಸೇರಿಸಿ: ಯಾವ ಆಪರೇಷನ್ (ಹೊಲಿಗೆಯ ಹಂತ) ಮಾಡುತ್ತಿದ್ದರು, ಸೇರಿ ಎಷ್ಟು ದಿನವಾಗಿತ್ತು. ದಾರ ಕತ್ತರಿಸುವ ಹೆಲ್ಪರ್ ಹೋದರೆ ಬದಲಿಯವರು ಬೇಗ ಹೊಂದಿಕೊಳ್ಳುತ್ತಾರೆ. ಕಾಲರ್ ಅಟ್ಯಾಚ್ ಮಾಡುವವರು ಹೋದರೆ ಹಾಗಲ್ಲ.

ಒಂದು ಉದಾಹರಣೆ. ಶರ್ಟ್ ಲೈನ್‌ನಲ್ಲಿ 30 ಆಪರೇಟರ್‌ಗಳು, ಪಾಳಿ 480 ನಿಮಿಷ, ಒಂದು ಶರ್ಟ್‌ಗೆ ನಿಗದಿಯಾದ ಸಮಯ 20 ನಿಮಿಷ. ಪೂರ್ಣ ದಕ್ಷತೆಯಲ್ಲಿ 720 ಪೀಸ್, ಶೇ 60ರಲ್ಲಿ 432. ಕಾಲರ್ ಅಟ್ಯಾಚ್‌ಗೆ 0.9 ನಿಮಿಷ ಎಂದಿಟ್ಟುಕೊಳ್ಳಿ. ನುರಿತವರು ಶೇ 81ರ ವೇಗದಲ್ಲಿ ಸುಮಾರು 432 ಕೊಡುತ್ತಾರೆ. ಹೊಸಬರು ಶೇ 40ರಲ್ಲಿ ಕೊಡುವುದು 213. ಆ ಮೆಷಿನ್ ಒಂದೇ ಇದ್ದರೆ ಲೈನ್ ಕೂಡ 213ಕ್ಕೇ ಇಳಿಯುತ್ತದೆ. ಸಂಬಳ ಮಾತ್ರ 30 ಮಂದಿಗೂ ಪೂರ್ತಿ.

ಹೊಸಬರು ಹಳೆಯ ವೇಗ ಮುಟ್ಟುವವರೆಗೆ ದಿನದಿನದ ಕೊರತೆಯನ್ನು ಬರೆದು ಕೂಡಿಸಿ. ಅದರ ಮೇಲೆ ಆಲ್ಟರೇಷನ್‌ಗೆ (ತಪ್ಪಾದ ಹೊಲಿಗೆ ಸರಿಪಡಿಸಲು) ಹೋದ ನಿಮಿಷಗಳು, ಕಲಿಸಲು ಸೂಪರ್‌ವೈಸರ್ ಕೊಟ್ಟ ಸಮಯ, ಶಿಪ್‌ಮೆಂಟ್ ದಿನಾಂಕ ಹಿಡಿಯಲು ಮಾಡಿಸಿದ ಓಟಿ (ಓವರ್‌ಟೈಮ್). ಕಾನೂನಿನಂತೆ ಓಟಿಗೆ ದುಪ್ಪಟ್ಟು ವೇತನ, ಆದ್ದರಿಂದ ಆ ಸಾಲನ್ನು ಬಿಡಬೇಡಿ.

ಎಡವುವುದು ಸಾಮಾನ್ಯವಾಗಿ ಖಾಲಿ ಮೆಷಿನ್ ತುಂಬುವ ಗಡಿಬಿಡಿಯಲ್ಲಿ. ಪಕ್ಕದ ಲೈನ್‌ನ ನುರಿತವರನ್ನು ಎಳೆದು ತಂದರೆ ಅಲ್ಲಿ ಅಡಚಣೆ ಶುರು. ಹೊಸಬರಿಗೆ ಮೊದಲ ದಿನವೇ ಪೂರ್ತಿ ಟಾರ್ಗೆಟ್ ಹಾಕಿ ಎಲ್ಲರೆದುರು ಬೈದರೆ ಅವರೂ ಉಳಿಯುವುದಿಲ್ಲ. ಅದೇ ಕುರ್ಚಿ ಮತ್ತೆ ಖಾಲಿ. ತಿಂಗಳಿಗೆ ಶೇ 8ರಂತೆ ವರ್ಷಕ್ಕೆ ಶೇ 96 ಎಂಬ ಅಂಕಿ ಬಂದ ಮಾತ್ರಕ್ಕೆ ಎಲ್ಲರೂ ಬದಲಾದರು ಎಂದಲ್ಲ. ಕೆಲವೇ ಕುರ್ಚಿಗಳು ಪದೇ ಪದೇ ಖಾಲಿಯಾಗಿರಬಹುದು. ಸೇರಿದ ದಿನಗಳ ಕಾಲಂ ಬೇಕಾಗುವುದು ಇದಕ್ಕೇ.

ಕಾಲರ್, ಕಫ್, ತೋಳು ಕೂಡಿಸುವ ಕೆಲಸಗಳಿಗೆ ತಲಾ ಇಬ್ಬರು ಬದಲಿ ಆಪರೇಟರ್‌ಗಳನ್ನು ಮೊದಲೇ ತಯಾರು ಮಾಡಿ, ವಾರಕ್ಕೆ ಕೆಲವು ಗಂಟೆ ಆ ಮೆಷಿನ್‌ನಲ್ಲೇ ಕೂರಿಸಿ. ಕಲಿತವರಿಗೆ ಗ್ರೇಡ್ ಹೆಚ್ಚಿಸದಿದ್ದರೆ ಅದೇ ಕೌಶಲ ಹಿಡಿದು ಪಕ್ಕದ ಕಾರ್ಖಾನೆಗೆ ಹೋಗುತ್ತಾರೆ, ತಪ್ಪೇನಿಲ್ಲ. ಯುಗಾದಿ, ಗೌರಿ ಹಬ್ಬ, ಊರ ಜಾತ್ರೆಯ ರಜೆಯನ್ನು ತಿಂಗಳ ಮೊದಲೇ ಕೇಳಿ ಬರೆದುಕೊಳ್ಳಿ. ರಜೆ ಸಿಗದೆ ಊರಿಗೆ ಹೋದವರು ಬೈಗುಳಕ್ಕೆ ಹೆದರಿ ವಾಪಸ್ ಬಾರದೆ ಇರುವುದುಂಟು. ಬಿಡುವ ಕಾರಣವನ್ನು ಆ ಲೈನ್‌ನ ಸೂಪರ್‌ವೈಸರ್ ಕೇಳಬಾರದು. ಅವರೇ ಕಾರಣವಾಗಿದ್ದರೆ ಫಾರಂನಲ್ಲಿ ‘ಮನೆ ಸಮಸ್ಯೆ’ ಎಂದಷ್ಟೇ ಇರುತ್ತದೆ.